ಒಂದು ಕಣ್ಣಿಗೆ ಮದ್ದು, ಎರಡೂ ಕಣ್ಣಿಗೆ ಗುಣ: ಎನ್‌ಡಿ4 ಜೀನ್ ಸುತ್ತಲಿನ ಗೊಂದಲ

ಒಂದೇ ಕಣ್ಣಿಗೆ ಜೀನ್ ಚಿಕಿತ್ಸೆ ಕೊಟ್ಟರು, ಎರಡೂ ಕಣ್ಣಿನ ದೃಷ್ಟಿ ಸುಧಾರಿಸಿತು. ಲೆಬರ್ ಎಂಬ ಅಪರೂಪದ ಕಣ್ಣಿನ ಕಾಯಿಲೆಯ ಬಗ್ಗೆ ಕೆಲವು ವರ್ಷಗಳಿಂದ ಈ ಸುದ್ದಿ ಸುತ್ತುತ್ತಿದೆ. ಅದರ ಬೆನ್ನಿಗೇ ಇನ್ನೊಂದು ಸುದ್ದಿಯೂ ಬಂತು. ಆ ಔಷಧಕ್ಕೆ ಯುರೋಪಿನಲ್ಲಿ ಅನುಮತಿ ಕೇಳಿದ್ದ ಕಂಪನಿ 2023ರಲ್ಲಿ ತನ್ನ ಅರ್ಜಿಯನ್ನು ತಾನೇ ವಾಪಸ್ ತೆಗೆದುಕೊಂಡಿತು. ಎರಡನ್ನೂ ಓದಿದವರಿಗೆ ತಲೆಬುಡ ಅರ್ಥವಾಗದಿದ್ದರೆ ತಪ್ಪೇನಿಲ್ಲ. ಒಂದು ಕಣ್ಣಿಗೆ ಹಾಕಿದ ಮದ್ದು ಎರಡೂ ಕಣ್ಣಿಗೆ ಕೆಲಸ ಮಾಡಿದರೆ ಅದು ಇಮ್ಮಡಿ ಲಾಭ ಅಲ್ವಾ? ಮತ್ತೆ ಅರ್ಜಿ ವಾಪಸ್ ಯಾಕೆ?

ವಿಚಿತ್ರ ಎಂದರೆ, ಎರಡೂ ಕಣ್ಣು ಸುಧಾರಿಸಿದ್ದೇ ಆ ಔಷಧಕ್ಕೆ ಎದುರಾದ ದೊಡ್ಡ ತೊಡಕು. ಅದು ಹೇಗೆ ಎಂದು ತಿಳಿಯಲು ಎನ್‌ಡಿ4 ಎಂಬ ಪುಟ್ಟ ಜೀನ್ ಎಲ್ಲಿದೆ, ಏನು ಮಾಡುತ್ತದೆ ಎಂಬಲ್ಲಿಂದ ಶುರು ಮಾಡಬೇಕು.

ಜೀನ್ ಇರುವ ಜಾಗವೇ ಬೇರೆ

ಮನುಷ್ಯನಲ್ಲಿ ಪ್ರೋಟೀನ್ ತಯಾರಿಸುವ ಜೀನ್‌ಗಳು ಸುಮಾರು 20,000. ಹೆಚ್ಚುಕಡಿಮೆ ಎಲ್ಲವೂ ಜೀವಕೋಶದ ನ್ಯೂಕ್ಲಿಯಸ್‌ನಲ್ಲಿವೆ. ಹದಿಮೂರು ಮಾತ್ರ ಹೊರಗೆ, ಮೈಟೋಕಾಂಡ್ರಿಯಾದಲ್ಲಿ ಉಳಿದಿವೆ. ಮೈಟೋಕಾಂಡ್ರಿಯಾ ಎಂದರೆ ಜೀವಕೋಶಕ್ಕೆ ಶಕ್ತಿ ತಯಾರಿಸಿ ಕೊಡುವ ಸಣ್ಣ ಸಣ್ಣ ಘಟಕಗಳು. ಯಾವುದೋ ಕಾಲದಲ್ಲಿ ಇವು ಸ್ವತಂತ್ರ ಬ್ಯಾಕ್ಟೀರಿಯಾಗಳಾಗಿದ್ದವು. ಹಾಗಾಗಿ ಇವಕ್ಕೆ ಇಂದಿಗೂ ತಮ್ಮದೇ ಡಿಎನ್‌ಎ ಇದೆ. ಬಳೆಯಂತೆ ದುಂಡಗಿನ, 16,569 ಅಕ್ಷರಗಳ, 37 ಜೀನ್‌ಗಳ ಡಿಎನ್‌ಎ ಅದು.

1981ರಲ್ಲಿ ಕೇಂಬ್ರಿಜ್‌ನ ವಿಜ್ಞಾನಿಗಳು ಈ ಬಳೆಯನ್ನು ಪೂರ್ತಿ ಓದಿದರು. ಆದರೆ ಅದರಲ್ಲಿದ್ದ ಹಲವು ಜೀನ್‌ಗಳ ಕೆಲಸ ಏನು ಎಂದು ಆಗ ಗೊತ್ತಿರಲಿಲ್ಲ. ಅವಕ್ಕೆ 'ಗುರುತಿಸದ ಓದು' ಎಂಬ ಅರ್ಥದ ಹೆಸರು ಕೊಟ್ಟು, ಒಂದು, ಎರಡು ಎಂದು ಸುಮ್ನೆ ನಂಬರ್ ಹಾಕಿದರು. 1985ರಲ್ಲಿ ಆ ಪೈಕಿ ಆರು ಜೀನ್‌ಗಳ ಗುಟ್ಟು ಬಯಲಾಯಿತು. ಅವೆಲ್ಲ ಎನ್‌ಎಡಿಎಚ್ ಡಿಹೈಡ್ರೋಜಿನೇಸ್ ಎಂಬ ಒಂದೇ ಕಿಣ್ವದ ಬಿಡಿಭಾಗಗಳನ್ನು ತಯಾರಿಸುತ್ತವೆ. ಎನ್‌ಡಿ ಎಂಬ ಹೆಸರು ಬಂದದ್ದು ಅಲ್ಲಿಂದ. ನಂಬರ್ ಮಾತ್ರ ಹಳೆಯದೇ ಉಳಿಯಿತು.

ಈ ಕಿಣ್ವವನ್ನು ವಿಜ್ಞಾನಿಗಳು ಚಿಕ್ಕದಾಗಿ ಕಾಂಪ್ಲೆಕ್ಸ್ ಒಂದು ಎನ್ನುತ್ತಾರೆ. ಮೈಟೋಕಾಂಡ್ರಿಯಾದ ಉಸಿರಾಟದ ಸರಪಳಿಯಲ್ಲಿ ಇದೇ ಮೊದಲ ಕೊಂಡಿ. ಇದರಲ್ಲಿ 45 ಬಿಡಿಭಾಗಗಳಿವೆ. ಏಳನ್ನು ಮೈಟೋಕಾಂಡ್ರಿಯಾದ ಜೀನ್‌ಗಳು ತಯಾರಿಸುತ್ತವೆ, ಉಳಿದವು ನ್ಯೂಕ್ಲಿಯಸ್ಸಿನ ಜೀನ್‌ಗಳಿಂದ ತಯಾರಾಗಿ ಹೊರಗಿನಿಂದ ಬಂದು ಸೇರುತ್ತವೆ. ಎರಡು ಕಡೆಯ ಸಾಮಾನು ಸೇರಿಸಿ ಒಂದು ಯಂತ್ರ ಕಟ್ಟಿದ ಹಾಗೆ.

ಯಂತ್ರದ ಕೆಲಸ ಹೀಗಿದೆ. ನಾವು ತಿಂದದ್ದರಿಂದ ಬಂದ ಎಲೆಕ್ಟ್ರಾನ್‌ಗಳನ್ನು ಅದು ಒಂದು ತುದಿಯಲ್ಲಿ ಪಡೆಯುತ್ತದೆ. ಆ ಎಲೆಕ್ಟ್ರಾನ್‌ಗಳು ಸಾಗುವಾಗ ಸಿಗುವ ಶಕ್ತಿಯಿಂದ ಪ್ರೋಟಾನ್‌ಗಳನ್ನು ಪೊರೆಯ ಆಚೆ ಬದಿಗೆ ಪಂಪ್ ಮಾಡುತ್ತದೆ. ಒಂದು ಜೋಡಿ ಎಲೆಕ್ಟ್ರಾನ್‌ಗೆ ನಾಲ್ಕು ಪ್ರೋಟಾನ್. ಆಚೆ ಬದಿಯಲ್ಲಿ ಒಟ್ಟಾದ ಪ್ರೋಟಾನ್‌ಗಳು ಇನ್ನೊಂದು ಕಿಣ್ವದ ಮೂಲಕ ವಾಪಸ್ ನುಗ್ಗುವಾಗ ಜೀವಕೋಶದ ಇಂಧನವಾದ ಎಟಿಪಿ ತಯಾರಾಗುತ್ತದೆ. ಟ್ಯಾಂಕ್‌ಗೆ ಏರಿಸಿದ ನೀರು ಇಳಿಯುವಾಗ ಚಕ್ರ ತಿರುಗಿಸುವ ಹಾಗೆ. ಎನ್‌ಡಿ4 ತಯಾರಿಸುವ ಪ್ರೋಟೀನ್, ಎನ್‌ಡಿ2 ಮತ್ತು ಎನ್‌ಡಿ5ರ ಜೊತೆಗೆ, ಈ ಪಂಪ್ ಭಾಗದಲ್ಲೇ ಕೂತಿದೆ.

ಒಂದು ಅಕ್ಷರ ತಪ್ಪಿದರೆ

ಆ ಬಳೆಯ 11778ನೇ ಸ್ಥಾನದಲ್ಲಿ ಜಿ ಎಂಬ ಅಕ್ಷರ ಇರಬೇಕು. ಕೆಲವರಲ್ಲಿ ಅಲ್ಲಿ ಎ ಇರುತ್ತದೆ. ಇದರಿಂದ 459 ಅಮೈನೋ ಆಮ್ಲಗಳ ಎನ್‌ಡಿ4 ಪ್ರೋಟೀನಿನಲ್ಲಿ 340ನೆಯದು ಬದಲಾಗುತ್ತದೆ. ಆರ್ಜಿನಿನ್ ಇರಬೇಕಾದಲ್ಲಿ ಹಿಸ್ಟಿಡಿನ್ ಬಂದು ಕೂರುತ್ತದೆ.

1871ರಲ್ಲಿ ಜರ್ಮನಿಯ ಕಣ್ಣಿನ ವೈದ್ಯ ಥಿಯೋಡೋರ್ ಲೆಬರ್ ಒಂದು ಕಾಯಿಲೆಯನ್ನು ವಿವರಿಸಿದ್ದರು. ಕೆಲವು ಕುಟುಂಬಗಳಲ್ಲಿ ಯುವಕರಿಗೆ ನೋವಿಲ್ಲದೆ, ಇದ್ದಕ್ಕಿದ್ದಂತೆ ದೃಷ್ಟಿ ಹೋಗುತ್ತಿತ್ತು. ಅದು ತಾಯಿಯ ಕಡೆಯಿಂದ ಮಾತ್ರ ಯಾಕೆ ಹರಿದು ಬರುತ್ತದೆ ಎಂಬುದು ನೂರಕ್ಕೂ ಹೆಚ್ಚು ವರ್ಷ ಒಗಟಾಗಿಯೇ ಉಳಿಯಿತು. 1988ರಲ್ಲಿ ಅಮೆರಿಕದ ವಿಜ್ಞಾನಿ ಡಗ್ಲಸ್ ವ್ಯಾಲೆಸ್ ಅವರ ತಂಡ ಈ 11778ರ ತಪ್ಪನ್ನು ಪತ್ತೆ ಮಾಡಿತು. ಮಗುವಿಗೆ ಮೈಟೋಕಾಂಡ್ರಿಯಾ ಬರುವುದು ತಾಯಿಯ ಅಂಡದಿಂದ. ತಂದೆಯಿಂದ ಬರುವುದಿಲ್ಲ. ಅಲ್ಲಿಗೆ ಒಗಟು ಬಿಡಿಸಿದಂತಾಯಿತು. ಮೈಟೋಕಾಂಡ್ರಿಯಾದ ಡಿಎನ್‌ಎಯಲ್ಲಿ ಒಂದೇ ಒಂದು ಅಕ್ಷರ ಬದಲಾದರೂ ಆನುವಂಶಿಕ ಕಾಯಿಲೆ ಬರಬಹುದು ಎಂದು ಮೊದಲು ತೋರಿಸಿದ್ದು ಈ ಜೀನೇ.

ಲೆಬರ್ ಕಾಯಿಲೆಗೆ ಎನ್‌ಡಿ1 ಮತ್ತು ಎನ್‌ಡಿ6 ಜೀನ್‌ಗಳ ತಪ್ಪುಗಳೂ ಕಾರಣವಾಗುತ್ತವೆ. ಆದರೆ ಎಲ್ಲಕ್ಕಿಂತ ಜಾಸ್ತಿ ಕಾಣುವುದು ಎನ್‌ಡಿ4ರ ತಪ್ಪು. ತಾನಾಗಿ ದೃಷ್ಟಿ ಮರಳುವ ಸಾಧ್ಯತೆಯೂ ಎನ್‌ಡಿ6ರವರಿಗೆ ಹೋಲಿಸಿದರೆ ಇವರಿಗೆ ತುಂಬಾ ಕಡಿಮೆ. ಕಡಿಮೆ, ಆದರೆ ಸೊನ್ನೆ ಅಲ್ಲ. ಈ ಮಾತು ಮುಂದೆ ಬೇಕಾಗುತ್ತದೆ.

ಕಣ್ಣಿಗೇ ಯಾಕೆ?

ದೇಹದ ಬಹುತೇಕ ಎಲ್ಲ ಜೀವಕೋಶದಲ್ಲೂ ಇದೇ ತಪ್ಪು ಇದೆ. ಆದರೂ ಹೃದಯ ಬಡಿಯುತ್ತದೆ, ಸ್ನಾಯು ದುಡಿಯುತ್ತದೆ, ಹೋಗುವುದು ಕಣ್ಣು ಮಾತ್ರ. ಅಳೆದು ನೋಡಿದರೆ ಕಾಂಪ್ಲೆಕ್ಸ್ ಒಂದರ ಕೆಲಸವೂ ಅಷ್ಟೇನೂ ಕುಸಿದಿರುವುದಿಲ್ಲ. ಕೆಲವು ಪರೀಕ್ಷೆಗಳಲ್ಲಿ ಸಾಮಾನ್ಯದ ಹತ್ತಿರವೇ ಇರುತ್ತದೆ. ಅಂದರೆ ಕೊರತೆ ಸಣ್ಣದು. ಆ ಸಣ್ಣ ಕೊರತೆಯನ್ನೂ ತಾಳದ ಒಂದು ಜಾಗ ಕಣ್ಣಿನಲ್ಲಿದೆ.

ರೆಟಿನಾದಲ್ಲಿ ಗ್ಯಾಂಗ್ಲಿಯಾನ್ ಎಂಬ ನರಕೋಶಗಳಿವೆ. ಇವುಗಳ ಉದ್ದನೆಯ ಎಳೆಗಳೇ ಒಟ್ಟಾಗಿ ದೃಷ್ಟಿನರವಾಗಿ ಮಿದುಳಿಗೆ ಹೋಗುತ್ತವೆ. ನರದ ಎಳೆಗಳಿಗೆ ಸಾಮಾನ್ಯವಾಗಿ ಮಯಲಿನ್ ಎಂಬ ಹೊದಿಕೆ ಇರುತ್ತದೆ, ಅದರಿಂದ ಸಂದೇಶ ಸಾಗಿಸುವ ಖರ್ಚು ಉಳಿಯುತ್ತದೆ. ಆದರೆ ಕಣ್ಣಿನೊಳಗೆ ಈ ಎಳೆಗಳಿಗೆ ಹೊದಿಕೆ ಇಲ್ಲ. ಕಣ್ಣುಗುಡ್ಡೆ ದಾಟಿದ ಮೇಲಷ್ಟೇ ಹೊದಿಕೆ ಶುರು. ಹಾಗಾಗಿ ಹೊದಿಕೆಯಿಲ್ಲದ ಭಾಗದಲ್ಲಿ ಶಕ್ತಿಯ ಖರ್ಚು ವಿಪರೀತ, ಮೈಟೋಕಾಂಡ್ರಿಯಾಗಳೂ ಅಲ್ಲೇ ಕಿಕ್ಕಿರಿದಿರುತ್ತವೆ. ಅದರಲ್ಲೂ ನೋಟದ ನಟ್ಟನಡುವಿನಿಂದ ಬರುವ ಎಳೆಗಳು ತೀರಾ ಸಪೂರ. ಶಕ್ತಿ ಸಾಲದಾದಾಗ, ಸೋರಿದ ಎಲೆಕ್ಟ್ರಾನ್‌ಗಳಿಂದ ಹಾನಿಕಾರಕ ಆಮ್ಲಜನಕದ ಕಣಗಳು ಹೆಚ್ಚಾದಾಗ, ಮೊದಲು ಸಾಯುವುದು ಅವೇ.

ಅದಕ್ಕೇ ಈ ಕಾಯಿಲೆಯವರಿಗೆ ಎದುರಿಗಿರುವವರ ಮುಖ ಕಾಣುವುದಿಲ್ಲ, ಆದರೆ ಅಂಚಿನ ನೋಟ ಉಳಿದಿರುತ್ತದೆ. ಇನ್ನೊಂದು ಸೋಜಿಗ: ಬೆಳಕು ಬಿದ್ದರೆ ಕಣ್ಣಿನ ಪಾಪೆ ಸುಮಾರಾಗಿ ಸರಿಯಾಗಿಯೇ ಕುಗ್ಗುತ್ತದೆ. ಬೆಳಕನ್ನು ತಾವೇ ಗ್ರಹಿಸುವ ಒಂದು ಬಗೆಯ ಗ್ಯಾಂಗ್ಲಿಯಾನ್ ಕೋಶಗಳು ಈ ಹೊಡೆತವನ್ನು ಬೇರೆಯವುಗಳಿಗಿಂತ ಚೆನ್ನಾಗಿ ತಾಳಿಕೊಳ್ಳುತ್ತವೆ.

ಸಾಮಾನ್ಯವಾಗಿ ಮೊದಲು ಒಂದು ಕಣ್ಣು ಮಂಜಾಗುತ್ತದೆ. ಕೆಲವು ವಾರ ಅಥವಾ ತಿಂಗಳಲ್ಲಿ ಎರಡನೆಯದೂ ಅದೇ ದಾರಿ ಹಿಡಿಯುತ್ತದೆ. ಹೆಚ್ಚಿನವರಿಗೆ ಆಗ ವಯಸ್ಸು 15ರಿಂದ 35ರ ಒಳಗೆ.

ತಪ್ಪು ಹೊತ್ತವರೆಲ್ಲ ರೋಗಿಗಳಲ್ಲ

ಇಲ್ಲಿ ಓದುಗರು ಮೋಸ ಹೋಗುವ ಇನ್ನೊಂದು ಸಂಗತಿ ಇದೆ. ಪರೀಕ್ಷೆಯಲ್ಲಿ 11778ರ ತಪ್ಪು ಕಂಡರೆ ಕಣ್ಣು ಹೋಗಿಯೇ ಹೋಗುತ್ತದೆ ಎಂದೇನಿಲ್ಲ. ಹಳೆಯ ಅಂದಾಜಿನಂತೆ, ಕಾಯಿಲೆ ಕಂಡ ಕುಟುಂಬಗಳಲ್ಲಿ ತಪ್ಪು ಹೊತ್ತ ಗಂಡಸರಲ್ಲಿ ಸುಮಾರು ಅರ್ಧದಷ್ಟು, ಹೆಂಗಸರಲ್ಲಿ ಹತ್ತರಲ್ಲಿ ಒಬ್ಬರಷ್ಟು ಜನರಿಗೆ ದೃಷ್ಟಿ ಹೋಗುತ್ತದೆ. ಹೊಸ ಅಂದಾಜುಗಳು ಅದಕ್ಕಿಂತ ಕಡಿಮೆ ಹೇಳುತ್ತವೆ. ಧೂಮಪಾನ ಮತ್ತು ವಿಪರೀತ ಕುಡಿತ ಅಪಾಯ ಹೆಚ್ಚಿಸುತ್ತವೆ. ಕಾಯಿಲೆ ಬಾರದೆ ಉಳಿದವರ ಜೀವಕೋಶಗಳಲ್ಲಿ ಮೈಟೋಕಾಂಡ್ರಿಯಾ ಡಿಎನ್‌ಎಯ ಪ್ರತಿಗಳು ಜಾಸ್ತಿ ಇರುವುದು ಕಂಡುಬಂದಿದೆ. ಯಂತ್ರ ಸೊರಗಿದ್ದರೂ ಯಂತ್ರಗಳ ಸಂಖ್ಯೆ ಹೆಚ್ಚಿಸಿಕೊಂಡು ದೇಹ ಸುಧಾರಿಸಿಕೊಂಡ ಹಾಗೆ. ಹೆಂಗಸರಿಗೆ ಈಸ್ಟ್ರೊಜೆನ್ ರಕ್ಷಣೆ ಕೊಡುತ್ತಿರಬಹುದು ಎಂಬುದಕ್ಕೆ ಪ್ರಯೋಗಾಲಯದ ಸಾಕ್ಷ್ಯ ಇದೆ. ಗಂಡು ಹೆಣ್ಣಿನ ನಡುವಿನ ಇಷ್ಟು ದೊಡ್ಡ ವ್ಯತ್ಯಾಸವನ್ನು ಅದೊಂದೇ ವಿವರಿಸುವುದು ಕಷ್ಟ.

ಜೀನನ್ನು ಬೇರೆ ಮನೆಯಲ್ಲಿ ಕೂರಿಸುವ ಉಪಾಯ

ಸಾಮಾನ್ಯ ಜೀನ್ ಚಿಕಿತ್ಸೆಯಲ್ಲಿ ಒಂದು ನಿರಪಾಯಕಾರಿ ವೈರಸ್ ಸರಿಯಾದ ಜೀನನ್ನು ಹೊತ್ತು ನ್ಯೂಕ್ಲಿಯಸ್‌ಗೆ ತಲುಪಿಸುತ್ತದೆ. ಎನ್‌ಡಿ4 ವಿಷಯದಲ್ಲಿ ಇದು ಆಗುವುದಿಲ್ಲ. ಜೀನ್ ಬೇಕಿರುವುದು ಮೈಟೋಕಾಂಡ್ರಿಯಾದ ಒಳಗೆ. ಅದರ ಎರಡು ಪೊರೆಗಳನ್ನು ದಾಟಿಸಿ ಡಿಎನ್‌ಎ ತಲುಪಿಸುವ, ಆಸ್ಪತ್ರೆಯಲ್ಲಿ ಬಳಸಬಹುದಾದ ವಿಧಾನ ಇಲ್ಲ.

ವಿಜ್ಞಾನಿಗಳು ಸುತ್ತುದಾರಿ ಹಿಡಿದರು. ಜೀನನ್ನು ನ್ಯೂಕ್ಲಿಯಸ್‌ನಲ್ಲೇ ಇಡೋಣ. ಪ್ರೋಟೀನ್ ಹೊರಗೆ ತಯಾರಾಗಲಿ. ಅದಕ್ಕೊಂದು ವಿಳಾಸ ಚೀಟಿ ಅಂಟಿಸಿದರೆ ಮೈಟೋಕಾಂಡ್ರಿಯಾಗೆ ಹೋಗಿ ಸೇರುತ್ತದೆ. ಹೇಗೂ ಮೈಟೋಕಾಂಡ್ರಿಯಾದ ಬಹುಪಾಲು ಪ್ರೋಟೀನ್‌ಗಳು ಬರುವುದು ಹೀಗೆಯೇ ತಾನೆ?

ಹೇಳಿದಷ್ಟು ಸುಲಭವಲ್ಲ. ಮೊದಲನೆಯದಾಗಿ, ಮೈಟೋಕಾಂಡ್ರಿಯಾದ ಭಾಷೆ ಸ್ವಲ್ಪ ಬೇರೆ. ಯುಜಿಎ ಎಂಬ ಮೂರಕ್ಷರದ ಪದ ನ್ಯೂಕ್ಲಿಯಸ್ಸಿನ ಜೀನ್‌ಗಳಲ್ಲಿ 'ಇಲ್ಲಿಗೆ ನಿಲ್ಲಿಸು' ಎಂದು ಹೇಳುತ್ತದೆ. ಮೈಟೋಕಾಂಡ್ರಿಯಾದಲ್ಲಿ ಅದೇ ಪದಕ್ಕೆ 'ಟ್ರಿಪ್ಟೋಫ್ಯಾನ್ ಸೇರಿಸು' ಎಂಬ ಅರ್ಥ. ಹಾಗಾಗಿ ಇಡೀ ಜೀನನ್ನು ಹೊಸ ಕಾಗುಣಿತದಲ್ಲಿ ಬರೆಯಬೇಕು. ಎರಡನೆಯದು ಇನ್ನೂ ಕಷ್ಟ. ಎನ್‌ಡಿ4 ಪ್ರೋಟೀನ್ ನೀರನ್ನು ಕಂಡರಾಗದ, ಪೊರೆಯಲ್ಲಿ ಹುದುಗಿ ಬದುಕುವ ಪ್ರೋಟೀನ್. ಹೊರಗೆ ತಯಾರಾದರೆ ಮುದುಡಿ ಮುದ್ದೆಯಾಗುತ್ತದೆ. ಕೋಟಿಗಟ್ಟಲೆ ವರ್ಷಗಳಾದರೂ ಈ ಜೀನ್ ನ್ಯೂಕ್ಲಿಯಸ್‌ಗೆ ವಲಸೆ ಹೋಗದಿರಲು ಇದೇ ಕಾರಣ ಎಂದು ಹಲವರು ವಾದಿಸುತ್ತಾರೆ. ಹೊರಗೆ ತಯಾರಾದ ಎನ್‌ಡಿ4 ಮೈಟೋಕಾಂಡ್ರಿಯಾದ ಬಾಗಿಲವರೆಗೆ ಬಂದರೂ ಯಂತ್ರದೊಳಗೆ ಸೇರಿಕೊಳ್ಳುವುದಿಲ್ಲ ಎಂದು ಕೆಲವು ಪ್ರಯೋಗಾಲಯಗಳು ವರದಿ ಮಾಡಿದವು. ಇನ್ನು ಕೆಲವು ತಂಡಗಳು ಸೇರಿತು, ಕೋಶದ ಶಕ್ತಿ ಮರಳಿತು ಎಂದವು. ಈ ಜಗಳ ಪೂರ್ತಿ ತೀರುವ ಮೊದಲೇ ಮನುಷ್ಯರ ಮೇಲಿನ ಪ್ರಯೋಗಗಳು ಶುರುವಾದವು. ದೃಷ್ಟಿ ಕಳೆದುಕೊಳ್ಳುತ್ತಿರುವ ಯುವಜನರು ಎದುರಿಗಿದ್ದಾಗ ಆ ಆತುರ ಅರ್ಥವಾಗುವಂಥದ್ದೇ.

ಹೋಲಿಕೆಗೆ ಇಟ್ಟ ಕಣ್ಣು

ಯುರೋಪಿನಲ್ಲಿ ಅರ್ಜಿ ವಾಪಸ್ ತೆಗೆದುಕೊಂಡ ಕಂಪನಿ ಫ್ರಾನ್ಸಿನ ಜೆನ್‌ಸೈಟ್ ಬಯಾಲಜಿಕ್ಸ್. ಅದರ ಔಷಧದ ಹೆಸರು ಲೆನಾಡೋಜೀನ್ ನೋಲ್‌ಪಾರ್ವೊವೆಕ್. ಇದನ್ನು ಕಣ್ಣುಗುಡ್ಡೆಯೊಳಗೆ ಚುಚ್ಚುತ್ತಾರೆ. ದೊಡ್ಡ ಪ್ರಯೋಗಗಳಲ್ಲಿ ಒಂದರ ಹೆಸರು ರಿವರ್ಸಲ್. ದೃಷ್ಟಿ ಕೆಟ್ಟು ಆರು ತಿಂಗಳಿಂದ ಒಂದು ವರ್ಷವಾದ 37 ಜನ ಅದರಲ್ಲಿದ್ದರು. ಎಲ್ಲರಲ್ಲೂ 11778ರ ತಪ್ಪೇ ಇತ್ತು.

ಪ್ರಯೋಗದ ಏರ್ಪಾಟು ಜಾಣತನದ್ದಾಗಿತ್ತು. ಪ್ರತಿ ರೋಗಿಯ ಒಂದು ಕಣ್ಣಿಗೆ ಔಷಧ, ಇನ್ನೊಂದಕ್ಕೆ ಚುಚ್ಚಿದಂತೆ ನಟನೆ. ಅದೇ ಮನುಷ್ಯ, ಅದೇ ಜೀನ್, ಅದೇ ವಯಸ್ಸು. ಇದಕ್ಕಿಂತ ಒಳ್ಳೆಯ ಹೋಲಿಕೆ ಎಲ್ಲಿ ಸಿಗುತ್ತದೆ? ಅಪರೂಪದ ಕಾಯಿಲೆಯಲ್ಲಿ ರೋಗಿಗಳೇ ಕಡಿಮೆ ಇರುವಾಗ ಇದು ದೊಡ್ಡ ಅನುಕೂಲವೂ ಹೌದು.

2020ರ ಕೊನೆಗೆ ಫಲಿತಾಂಶ ಪ್ರಕಟವಾಯಿತು. 96 ವಾರಗಳ ನಂತರ ಔಷಧ ಹಾಕಿದ ಕಣ್ಣುಗಳು ದೃಷ್ಟಿ ಫಲಕದಲ್ಲಿ ಸರಾಸರಿ 15 ಅಕ್ಷರಗಳಷ್ಟು ಸುಧಾರಿಸಿದ್ದವು. ಔಷಧ ಹಾಕದ ಕಣ್ಣುಗಳು? 13 ಅಕ್ಷರ.

15 ಅಕ್ಷರ ಎಂದರೆ ಫಲಕದ ಮೂರು ಸಾಲು. ಕೇಳಲು ಚೆನ್ನಾಗಿದೆ. ಆದರೆ ಶುರುವಿನಲ್ಲಿ ಹೆಚ್ಚಿನವರ ದೃಷ್ಟಿ ಎಷ್ಟು ಕೆಳಗಿತ್ತೆಂದರೆ, ಮೂರು ಸಾಲು ಏರಿದರೂ ಪತ್ರಿಕೆ ಓದುವ ಮಟ್ಟಕ್ಕೆ ಬರುವುದಿಲ್ಲ. ಕೋಣೆಯಲ್ಲಿ ತಡಕಾಡದೆ ಓಡಾಡಲು ಅದರಿಂದ ಅನುಕೂಲವಾಗಬಹುದು. ಅದೇನೂ ಸಣ್ಣ ಮಾತಲ್ಲ. 'ಕುರುಡು ವಾಸಿ' ಎಂಬ ತಲೆಬರಹ ಮಾತ್ರ ಸುಳ್ಳು.

ಈಗ ಲೆಕ್ಕ ನೋಡಿ. ಔಷಧದ ಗುಣವನ್ನು ಅಳೆಯುವುದು ಎರಡು ಕಣ್ಣುಗಳ ನಡುವಿನ ವ್ಯತ್ಯಾಸದಿಂದ. 15ರಲ್ಲಿ 13 ಕಳೆದರೆ ಉಳಿಯುವುದು ಎರಡು. ಎರಡಕ್ಷರದ ವ್ಯತ್ಯಾಸದಿಂದ ಏನನ್ನೂ ಸಾಬೀತು ಮಾಡಲಾಗದು. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು ಎನ್ನುತ್ತೇವಲ್ಲ, ಇಲ್ಲಿ ಕಾಗೆ ಕೂರದ ಟೊಂಗೆಯೂ ಮುರಿದಿತ್ತು.

ಎರಡು ಬಣ, ಎರಡು ವಿವರಣೆ

ಔಷಧದ ಪರ ಇರುವವರು ಹೇಳುವುದು ಇದು: ಮದ್ದು ಆಚೆ ಕಣ್ಣಿಗೂ ಹೋಗಿದೆ. ಸುಮ್ನೆ ಊಹೆಯಲ್ಲ, ಮಂಗಗಳ ಒಂದು ಕಣ್ಣಿಗೆ ಔಷಧ ಚುಚ್ಚಿ ಮೂರು ತಿಂಗಳ ನಂತರ ನೋಡಿದಾಗ ಇನ್ನೊಂದು ಕಣ್ಣಿನಲ್ಲೂ ಜೀನ್ ಹೊತ್ತ ವೈರಸ್ಸಿನ ಡಿಎನ್‌ಎ ಸಿಕ್ಕಿತು. ಎರಡೂ ಕಣ್ಣಿನ ನರಗಳು ಮಿದುಳಿನ ಕೆಳಗೆ ಒಂದೆಡೆ ಕೂಡುತ್ತವೆ, ಆ ಕೂಡುರಸ್ತೆಯಲ್ಲಿ ದಾಟಿರಬಹುದು. ಜೊತೆಗೆ, ಚಿಕಿತ್ಸೆ ಇಲ್ಲದ 11778ರ ರೋಗಿಗಳ ಹಳೆಯ ದಾಖಲೆಗಳ ಜೊತೆ ಹೋಲಿಸಿದರೆ, ಪ್ರಯೋಗದಲ್ಲಿದ್ದವರ ಎರಡೂ ಕಣ್ಣುಗಳು ಮೇಲಾಗಿವೆ. ಚೀನಾ ಮತ್ತು ಅಮೆರಿಕದ ತಂಡಗಳು ಇದೇ ಬಗೆಯ ಬೇರೆ ಔಷಧಗಳನ್ನು ಒಂದು ಕಣ್ಣಿಗೆ ಕೊಟ್ಟಾಗಲೂ ಕೆಲವರ ಎರಡೂ ಕಣ್ಣು ಸುಧಾರಿಸಿದ್ದು ಕಂಡಿತ್ತು.

ಅನುಮಾನ ಪಡುವವರ ವಾದವನ್ನೂ ತಳ್ಳಿಹಾಕುವಂತಿಲ್ಲ. ಇನ್ನೊಂದು ಕಣ್ಣಿಗೆ ದಾಟುವ ಔಷಧದ ಪ್ರಮಾಣ ತೀರಾ ಕಡಿಮೆ. ಅಷ್ಟು ಕಡಿಮೆ ಮದ್ದು ಪೂರ್ತಿ ಮದ್ದಿನಷ್ಟೇ ಕೆಲಸ ಮಾಡಿತು ಎಂದರೆ ನಂಬುವುದು ಹೇಗೆ? ಲೆಬರ್ ಕಾಯಿಲೆಯಲ್ಲಿ ದೃಷ್ಟಿ ಮೊದಲು ಪಾತಾಳಕ್ಕೆ ಇಳಿಯುತ್ತದೆ. ಆಮೇಲೆ ಕೆಲವರಲ್ಲಿ ತುಸು ಮೇಲೇಳುತ್ತದೆ. ಪಾತಾಳದಲ್ಲಿದ್ದಾಗಲೇ ಪ್ರಯೋಗಕ್ಕೆ ಸೇರಿಸಿಕೊಂಡರೆ ನಂತರದ ಏರಿಕೆಯೆಲ್ಲ ಔಷಧದ ಖಾತೆಗೆ ಜಮಾ ಆಗುತ್ತದೆ. ಇನ್ನು, ನಡುನೋಟ ಕಳೆದುಕೊಂಡವರು ಕಾಲಕ್ರಮೇಣ ಕಣ್ಣನ್ನು ಓರೆ ಮಾಡಿ ಅಂಚಿನಿಂದ ಅಕ್ಷರ ಗುರುತಿಸಲು ಕಲಿಯುತ್ತಾರೆ. ಅದು ನರ ವಾಸಿಯಾದದ್ದಲ್ಲ, ಅಭ್ಯಾಸ. ಹಳೆಯ ದಾಖಲೆಗಳ ಜೊತೆ ಹೋಲಿಕೆಯೂ ಪೂರ್ತಿ ನ್ಯಾಯದ್ದಲ್ಲ. ಪ್ರಯೋಗಕ್ಕೆ ಬರುವವರು ಮತ್ತು ಬರದವರು ಬೇರೆ ಬೇರೆ ಬಗೆಯವರಿರಬಹುದು.

ಗೊಂದಲ ಬಿಡಿಸಲು ರಿಫ್ಲೆಕ್ಟ್ ಎಂಬ ಇನ್ನೊಂದು ಪ್ರಯೋಗ ನಡೆಯಿತು. 98 ಜನರಲ್ಲಿ ಒಂದು ಗುಂಪಿಗೆ ಎರಡೂ ಕಣ್ಣಿಗೆ ಔಷಧ. ಇನ್ನೊಂದು ಗುಂಪಿಗೆ ಒಂದಕ್ಕೆ ಔಷಧ, ಇನ್ನೊಂದಕ್ಕೆ ಔಷಧವಿಲ್ಲದ ದ್ರವ. ಎರಡೂ ಗುಂಪು ಸುಧಾರಿಸಿತು. ಎರಡೂ ಕಣ್ಣಿಗೆ ಪಡೆದವರು ತುಸು ಮುಂದಿದ್ದರು. ಆದರೆ ಮುಖ್ಯ ಅಳತೆಯಲ್ಲಿನ ವ್ಯತ್ಯಾಸ ಸಂಖ್ಯಾಶಾಸ್ತ್ರದ ಗೆರೆ ದಾಟಲಿಲ್ಲ.

ನನಗೆ ಕಾಣುವಂತೆ ಇಲ್ಲಿ ಇನ್ನೊಂದು ಲೋಪವಿದೆ. ಮದ್ದು ಆಚೆ ಕಣ್ಣಿಗೆ ದಾಟುತ್ತದೆ ಎಂದು ವಾದಿಸುವವರು, ಆ ಕಣ್ಣು ಹೋಲಿಕೆಗೆ ಬರುವುದಿಲ್ಲ ಎಂದೂ ಒಪ್ಪಿಕೊಂಡಂತಾಯಿತು. ಹಾಗಾದರೆ ಈ ಪ್ರಯೋಗಗಳಲ್ಲಿ ಔಷಧ ಮುಟ್ಟದ ಒಬ್ಬ ರೋಗಿಯೂ ಇರಲಿಲ್ಲ. ಔಷಧ ಕೆಲಸ ಮಾಡಲಿಲ್ಲ ಎಂದು ಇದರಿಂದ ಹೇಳಲಾಗದು. ಮಾಡಿತು ಎಂದೂ ಹೇಳಲಾಗದು.

ಮಾತ್ರೆಯ ದಾರಿ

ಈ ಮಧ್ಯೆ ಯುರೋಪಿನಲ್ಲಿ 2015ರಿಂದ ಐಡಿಬಿನೋನ್ ಎಂಬ ಮಾತ್ರೆಗೆ ಅನುಮತಿ ಇದೆ. ಇದು ಜೀನನ್ನು ಮುಟ್ಟುವುದಿಲ್ಲ. ಕೆಟ್ಟ ಕೊಂಡಿಯನ್ನು ಬಿಟ್ಟು, ಎಲೆಕ್ಟ್ರಾನ್‌ಗಳನ್ನು ನೇರ ಸರಪಳಿಯ ಮುಂದಿನ ಕೊಂಡಿಯಾದ ಕಾಂಪ್ಲೆಕ್ಸ್ ಮೂರಕ್ಕೆ ಒಯ್ಯುತ್ತದೆ. 2011ರಲ್ಲಿ ಪ್ರಕಟವಾದ, 85 ರೋಗಿಗಳಿದ್ದ ಪ್ರಯೋಗದಲ್ಲಿ ಇದೂ ತನ್ನ ಮುಖ್ಯ ಗುರಿ ಮುಟ್ಟಲಿಲ್ಲ. ಕೆಲವು ಉಪಗುಂಪುಗಳಲ್ಲಿ ಲಾಭ ಕಂಡಿತು. ಹಾಗಾಗಿ ಸಿಕ್ಕಿದ್ದು ವಿಶೇಷ ಸಂದರ್ಭದ ಅನುಮತಿ. ರೋಗಿಗಳು ಕಡಿಮೆ ಇರುವ, ಬೇರೆ ಮದ್ದಿಲ್ಲದ ಕಾಯಿಲೆಗೆ ಕೊಡುವ ರಿಯಾಯಿತಿ ಅದು. ಮಾತ್ರೆಗೆ ಈ ರಿಯಾಯಿತಿ ಸಿಕ್ಕಿತು, ಜೀನ್ ಚಿಕಿತ್ಸೆಗೆ ಯಾಕಿಲ್ಲ ಎಂದು ಕೇಳುವವರಿದ್ದಾರೆ. ಮಾತ್ರೆಯನ್ನು ನಿಲ್ಲಿಸಬಹುದು, ಕಣ್ಣಿಗೆ ಸೇರಿಸಿದ ಜೀನನ್ನು ವಾಪಸ್ ತೆಗೆಯಲಾಗದು. ಕಣ್ಣೊಳಗಿನ ಉರಿಯೂತ ಕಂಡುಬಂದರೂ ಹೆಚ್ಚಿನವರಲ್ಲಿ ಸೌಮ್ಯವಾಗಿತ್ತು, ಮದ್ದಿಗೆ ಬಗ್ಗಿತು. ಆದರೂ ತೂಕ ಹಾಕುವ ತಕ್ಕಡಿ ಬೇರೆಯಾಗಲೇಬೇಕು.

'ಮೂವರು ಪೋಷಕರ ಮಗು' ಇದಕ್ಕೆ ಪರಿಹಾರವೇ?

2025ರ ಜುಲೈನಲ್ಲಿ ಬ್ರಿಟನ್ನಿನ ನ್ಯೂಕಾಸಲ್ ತಂಡ ಎಂಟು ಮಕ್ಕಳ ಜನನವನ್ನು ವರದಿ ಮಾಡಿತು. ತಾಯಿಯ ಫಲಿತ ಅಂಡದಿಂದ ನ್ಯೂಕ್ಲಿಯಸ್ಸಿನ ಡಿಎನ್‌ಎ ತೆಗೆದು, ಆರೋಗ್ಯವಂತ ಮೈಟೋಕಾಂಡ್ರಿಯಾ ಇರುವ ದಾನಿಯ ಅಂಡಕ್ಕೆ ಸೇರಿಸುವ ವಿಧಾನ ಅದು. ಬ್ರಿಟನ್ 2015ರಲ್ಲೇ ಕಾನೂನಿನಲ್ಲಿ ಇದಕ್ಕೆ ಅವಕಾಶ ಮಾಡಿತ್ತು. ದಾನಿಯಿಂದ ಬರುವುದು ಆ 37 ಜೀನ್‌ಗಳು ಮಾತ್ರ. ರೂಪ, ಬಣ್ಣ, ಎತ್ತರ ಎಲ್ಲ ತಂದೆತಾಯಿಯದೇ. ಮೂವರು ಪೋಷಕರು ಎಂಬ ಮಾತು ಹೀಗಾಗಿ ಉತ್ಪ್ರೇಕ್ಷೆ.

ಲೆಬರ್ ಕುಟುಂಬಗಳಿಗೆ ಇದು ಮುಖ್ಯವಾಗಲು ಒಂದು ಕಾರಣವಿದೆ. ಬೇರೆ ಹಲವು ಮೈಟೋಕಾಂಡ್ರಿಯಾ ಕಾಯಿಲೆಗಳಲ್ಲಿ ಸರಿಯಾದ ಮತ್ತು ತಪ್ಪಾದ ಪ್ರತಿಗಳು ಬೆರೆತಿರುತ್ತವೆ. ತಪ್ಪು ಕಡಿಮೆ ಇರುವ ಭ್ರೂಣವನ್ನು ಆರಿಸಿಕೊಳ್ಳಬಹುದು. ಆದರೆ 11778ರ ತಪ್ಪು ಹೊತ್ತ ಹೆಚ್ಚಿನವರಲ್ಲಿ ಎಲ್ಲ ಪ್ರತಿಗಳೂ ತಪ್ಪೇ. ಆರಿಸಲು ಏನೂ ಉಳಿಯುವುದಿಲ್ಲ. ಇನ್ನೊಂದು ಕಡೆ, ತಪ್ಪು ಹೊತ್ತ ಹಲವರಿಗೆ ಕಾಯಿಲೆಯೇ ಬರುವುದಿಲ್ಲ, ಬಂದರೂ ಜೀವಕ್ಕೆ ಅಪಾಯವಿಲ್ಲ. ಅಷ್ಟಕ್ಕೆ ಇಷ್ಟು ಹೊಸ ವಿಧಾನ ಬೇಕೇ ಎಂಬ ಪ್ರಶ್ನೆ ಉಳಿದೇ ಇದೆ. ವಿಧಾನವೂ ನೂರಕ್ಕೆ ನೂರು ಶುದ್ಧವಲ್ಲ. ಎಂಟು ಮಕ್ಕಳಲ್ಲಿ ಆರರಲ್ಲಿ ತಾಯಿಯ ತಪ್ಪು ಡಿಎನ್‌ಎ 95ರಿಂದ 100 ಪ್ರತಿಶತ ತಗ್ಗಿತ್ತು. ಉಳಿದ ಇಬ್ಬರಲ್ಲಿ ತಗ್ಗಿದ್ದು 77ರಿಂದ 88 ಪ್ರತಿಶತ. ಬೆಣ್ಣೆಯಿಂದ ಕೂದಲು ತೆಗೆಯುವಾಗ ಒಂದಿಷ್ಟು ಬೆಣ್ಣೆಯೂ ಅಂಟಿಕೊಂಡು ಬಂದಿತ್ತು. ಈಗಾಗಲೇ ಕಣ್ಣು ಕಳೆದುಕೊಂಡವರಿಗಂತೂ ಇದರಿಂದ ಏನೂ ಸಿಗದು.

ಅಕ್ಷರವನ್ನೇ ತಿದ್ದಬಹುದೇ?

ಡಿಎನ್‌ಎ ತಿದ್ದುವ ಕ್ರಿಸ್ಪರ್ ತಂತ್ರ ಇರುವಾಗ ಆ ಒಂದು ಅಕ್ಷರ ತಿದ್ದಿದರಾಯಿತಲ್ಲ ಎಂದು ಕೇಳಬಹುದು. ಕ್ರಿಸ್ಪರ್‌ಗೆ ದಾರಿ ತೋರಿಸುವುದು ಒಂದು ಆರ್‌ಎನ್‌ಎ ತುಣುಕು. ಅದನ್ನು ಮೈಟೋಕಾಂಡ್ರಿಯಾದೊಳಗೆ ಕಳಿಸುವುದೇ ಕಷ್ಟ. 2020ರಲ್ಲಿ ಆರ್‌ಎನ್‌ಎ ಬೇಡದ, ಪ್ರೋಟೀನ್ ಮಾತ್ರ ಸಾಕಾಗುವ ತಿದ್ದುಗ ಬಂತು. ಆದರೆ ಅದು ಸಿಯನ್ನು ಟಿ ಮಾಡುತ್ತದೆ, ಎದುರು ಎಳೆಯಲ್ಲಿ ನೋಡಿದರೆ ಜಿಯನ್ನು ಎ ಮಾಡುತ್ತದೆ. ಎನ್‌ಡಿ4ರಲ್ಲಿ ಆಗಿರುವ ತಪ್ಪೇ ಅದು! ಈ ತಿದ್ದುಗದಿಂದ ಕಾಯಿಲೆಯನ್ನು ಸೃಷ್ಟಿಸಬಹುದು, ಸರಿಪಡಿಸಲಾಗದು. 2022ರಲ್ಲಿ ಕೊರಿಯಾದ ತಂಡವೊಂದು ಎಯನ್ನು ಜಿ ಮಾಡುವ ತಿದ್ದುಗವನ್ನು ರೂಪಿಸಿತು. 11778ಕ್ಕೆ ಬೇಕಿರುವುದು ಇಂಥದ್ದು.

ಇದರಲ್ಲಿ ಎಲ್ಲ ಪ್ರತಿಗಳನ್ನೂ ತಿದ್ದಬೇಕಿಲ್ಲ ಎಂಬುದು ಸಮಾಧಾನದ ಸಂಗತಿ. ಸರಿಯಾದ ಪ್ರತಿಗಳು ಒಂದು ಮಟ್ಟ ಮುಟ್ಟಿದರೆ ಕೋಶ ಸುಧಾರಿಸಿಕೊಳ್ಳುತ್ತದೆ. ಆದರೆ ಸತ್ತ ನರಕೋಶವನ್ನು ಯಾವ ತಿದ್ದುಗವೂ ಎಬ್ಬಿಸದು. ಹಾಗಾಗಿ ಮದ್ದು ಬೇಗ ಸಿಗಬೇಕು, ಸಾಧ್ಯವಾದರೆ ಎರಡನೇ ಕಣ್ಣು ಹೋಗುವ ಮೊದಲೇ. ಆಗ ಪ್ರಯೋಗ ಮಾಡುವವರ ಕಷ್ಟ ಇನ್ನೂ ಬಿಗಿಯಾಗುತ್ತದೆ. ಒಂದು ಕಣ್ಣಿನ ಮದ್ದು ಇನ್ನೊಂದಕ್ಕೆ ದಾಟುವುದಾದರೆ ಹೋಲಿಕೆಗೆ ಬೇರೆಯೇ ರೋಗಿಗಳು ಬೇಕು. ಅಂದರೆ ಒಂದು ಕಣ್ಣು ಆಗಲೇ ಹೋಗಿರುವ, ಇನ್ನೊಂದು ಕೆಲವೇ ವಾರಗಳಲ್ಲಿ ಹೋಗಲಿರುವ ಇಪ್ಪತ್ತರ ಹುಡುಗನ ಎರಡೂ ಕಣ್ಣಿಗೆ ಬರೀ ನೀರು ಚುಚ್ಚಲು ಅವನನ್ನು ಒಪ್ಪಿಸಬೇಕು.